ಮಗು ಟೂರಿಗೆ ಹೊರಟಾಗ ತಾಯಿ ಕೇಳಬೇಕಾದ ನಾಲ್ಕು ಮಾತು

ಡಿಸೆಂಬರ್ ತಿಂಗಳು ಬಂತೆಂದರೆ ಸಾಕು, ನಮ್ಮ ಭಟ್ಕಳದ ಹೆದ್ದಾರಿಯ ಮೇಲೆ ಶಾಲಾ ಮಕ್ಕಳ ಬಸ್ಸುಗಳದೇ ಸಾಲು. ಮುಂದುಗಡೆ ಗಾಜಿನ ಮೇಲೆ ಶಾಲೆಯ ಹೆಸರಿನ ಬಟ್ಟೆ, ಕಿಟಕಿಯಲ್ಲಿ ಒಣಗಲು ಹಾಕಿದ ಟವೆಲ್ಲು, ಒಳಗಿನಿಂದ ಅಂತ್ಯಾಕ್ಷರಿಯ ಗಲಾಟೆ! ಇಡಗುಂಜಿ ಗಣಪತಿ, ಮುರ್ಡೇಶ್ವರದ 123 ಅಡಿಯ ಶಿವ, ಮಿರ್ಜಾನ ಕೋಟೆ, ಗೋಕರ್ಣ ಎಂದು ಎರಡು ದಿನದಲ್ಲಿ ನಮ್ಮ ಜಿಲ್ಲೆಯನ್ನೆಲ್ಲ ಸುತ್ತಿ ಹೋಗುತ್ತಾರೆ. ಬಯಲುಸೀಮೆಯ ಆ ಮಕ್ಕಳು ಮೊದಲ ಸಲ ಸಮುದ್ರ ಕಂಡಾಗ ಹಾಕುವ ಕೂಗು ಇದೆಯಲ್ಲ, ಅದನ್ನು ಕೇಳಿದರೆ ಎಂಥವರ ಮುಖದಲ್ಲೂ ನಗೆ ಮೂಡಬೇಕು. ಹುಟ್ಟಿದಾಗಿನಿಂದ ಕಡಲು ನೋಡಿ ನೋಡಿ ಬೇಸತ್ತ ನಮಗೂ ಒಂದು ಗಳಿಗೆ ಅದು ಹೊಸದಾಗಿ ಕಾಣುತ್ತದೆ.

ಆದರೆ ಸೋದರಿಯರೇ, ಈ ಕೂಗು ಕೇಳಿದಾಗ ಈಗ ನಗೆಯ ಜೊತೆಗೆ ಎದೆಯೂ ಒಮ್ಮೆ ಝಲ್ಲೆನ್ನುತ್ತದೆ. ಏಕೆಂದು ಹೇಳುತ್ತೇನೆ.

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರ ಮಕ್ಕಳು ಮುರ್ಡೇಶ್ವರಕ್ಕೆ ಟೂರಿಗೆ ಬಂದಿದ್ದರು. ಸಂಜೆ ಹೊತ್ತು ನೀರಿಗಿಳಿದ ಹುಡುಗಿಯರಲ್ಲಿ ಏಳು ಮಂದಿಯನ್ನು ತೆರೆ ಎಳೆದುಕೊಂಡಿತು. ಮೂವರನ್ನು ಬದುಕಿಸಿದರು. ನಾಲ್ವರು ಹಿಂತಿರುಗಲಿಲ್ಲ. ಎಲ್ಲರೂ ಒಂಬತ್ತನೆಯ ಕ್ಲಾಸಿನ ಹೆಣ್ಣುಮಕ್ಕಳು. ಜೊತೆಗೆ ಬಂದ ಶಿಕ್ಷಕರ ಮೇಲೆ ಕೇಸಾಯಿತು. ಸರ್ಕಾರ ಆ ಮನೆಗಳಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಕೆಲವು ದಿನ ಕಡಲತೀರಕ್ಕೆ ಯಾರನ್ನೂ ಬಿಡಲಿಲ್ಲ. ಇದೆಲ್ಲ ಆದಮೇಲಿನ ಮಾತು. ಬ್ಯಾಗಿಗೆ ಬಟ್ಟೆ ತುಂಬಿ, ಚಕ್ಕುಲಿ ಕಟ್ಟಿಕೊಟ್ಟು, ‘ಹುಷಾರು ಮಗಳೇ’ ಎಂದು ಕಳಿಸಿದ ಆ ನಾಲ್ಕು ತಾಯಂದಿರ ಪಾಲಿಗೆ ಯಾವ ಪರಿಹಾರ ತಾನೇ ಪರಿಹಾರ?

ಮುರ್ಡೇಶ್ವರ ನಮ್ಮ ತೆಂಗಿನಗುಂಡಿಯಿಂದ ದೂರವೇನಲ್ಲ. ಸುದ್ದಿ ಬಂದ ರಾತ್ರಿ ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಊಟ ಸೇರಲಿಲ್ಲ.

‘ಕಳಿಸೂದೇ ಬೇಡ!’

ಮುಂದಿನ ವರ್ಷ ನನ್ನ ಮಗಳು ಒಂಬತ್ತನೆಯ ಕ್ಲಾಸಿಗೆ ಬಂದಳು. ಟೂರಿನ ಒಪ್ಪಿಗೆ ಚೀಟಿ ತಂದು ಅವಳ ಅಪ್ಪನ ಮುಂದೆ ಇಟ್ಟಳು. ಹಂಪಿ, ಬಾದಾಮಿ, ಪಟ್ಟದಕಲ್ಲು. ಅವರು ಓದಿಯೂ ನೋಡದೆ, “ಕಳಿಸೂದೇ ಬೇಡ, ಆ ಮಕ್ಕಳಿಗೆ ಆದದ್ದು ಮರೆತುಹೋಯ್ತಾ?” ಎಂದುಬಿಟ್ಟರು. ಮಗಳು ಊಟ ಬಿಟ್ಟು ಮಲಗಿದಳು. ನಾನು ನಡುವೆ ಸಿಕ್ಕಿಬಿದ್ದೆ. ನಿಮ್ಮ ಮನೆಯಲ್ಲೂ ಇಂಥ ರಾತ್ರಿ ಬಂದಿರಬಹುದು, ಅಲ್ಲವೇ?

ಅಂದು ನಿದ್ದೆ ಬಾರದೆ ನನ್ನ ಶಾಲೆಯ ಟೂರು ನೆನೆದೆ. ಎಂಟನೆಯ ಕ್ಲಾಸಿನಲ್ಲಿ ಜೋಗಕ್ಕೆ ಹೋಗಿದ್ದೆವು. ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡದ್ದು, ಗೆಳತಿಯ ಡಬ್ಬಿಯ ಚಿತ್ರಾನ್ನ ತಿಂದದ್ದು, ನೀರಿನ ಹನಿ ಮುಖಕ್ಕೆ ಸಿಡಿದದ್ದು ಎಲ್ಲ ನಿನ್ನೆಯಂತೆ ಇದೆ. ಮದುವೆಯಾದ ಮೇಲೆ ಎಷ್ಟೋ ಕಡೆ ಹೋಗಿದ್ದೇನೆ, ಆದರೆ ಅದೆಲ್ಲ ಮದುವೆ, ಮುಂಜಿ, ಹರಕೆ ಎಂದು. ಬರೀ ನೋಡಲೆಂದೇ, ಗೆಳತಿಯರ ಜೊತೆ ಹೋದದ್ದು ಆ ಒಂದೇ ಸಲ. ನಮ್ಮಂಥ ಎಷ್ಟೋ ಹೆಂಗಸರಿಗೆ ಶಾಲೆಯ ಟೂರೇ ಮೊದಲನೆಯದು, ಅದೇ ಕೊನೆಯದು. ಅದನ್ನು ಮಗಳ ಕೈಯಿಂದ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಚೀನಾದವರೂ ಹೆದರಿದ್ದರು

ಈ ಭಯ ನಮಗೊಬ್ಬರಿಗೇ ಅಲ್ಲ. ಚೀನಾ ದೇಶದ ಶಾಲೆಗಳಲ್ಲಿ ವಸಂತಕಾಲಕ್ಕೊಂದು, ಶರತ್ಕಾಲಕ್ಕೊಂದು ಹೀಗೆ ಮಕ್ಕಳನ್ನು ಹೊರಗೆ ಕರೆದೊಯ್ಯುವ ಪದ್ಧತಿಯಿದೆ. ಚಿಕ್ಕ ಮಕ್ಕಳು ಒಂದೇ ಬಣ್ಣದ ಟೋಪಿ ಹಾಕಿ, ಮುಂದೆ ಕ್ಲಾಸಿನ ಬಾವುಟ ಹಿಡಿದು ಇಬ್ಬಿಬ್ಬರಾಗಿ ಸಾಲಿನಲ್ಲಿ ನಡೆಯುತ್ತಾರೆ. ಬೆನ್ನ ಚೀಲದ ತುಂಬ ತಿಂಡಿ! ತಿಂಡಿ ಹಂಚಿ ತಿನ್ನುವುದೇ ಅಲ್ಲಿಯೂ ದೊಡ್ಡ ಸಂಭ್ರಮ. ಆದರೆ ಎಲ್ಲೋ ಬಸ್ಸು ಉರುಳಿತು, ಎಲ್ಲೋ ಮಗು ನೀರಿಗೆ ಬಿತ್ತು ಎಂಬ ಸುದ್ದಿ ಕೇಳಿ ಕೇಳಿ, ಜವಾಬ್ದಾರಿ ತಮ್ಮ ತಲೆಗೆ ಬರುತ್ತದೆಂದು ಎಷ್ಟೋ ಶಾಲೆಗಳು ಈ ಟೂರನ್ನೇ ನಿಲ್ಲಿಸಿಬಿಟ್ಟವು. ಕೊನೆಗೆ 2016ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ, ಬೇರೆ ಹತ್ತು ಇಲಾಖೆಗಳ ಜೊತೆ ಸೇರಿ, ಮಕ್ಕಳು ಊರು ನೋಡುವುದೂ ಓದಿನ ಒಂದು ಭಾಗವೇ, ಸುರಕ್ಷತೆಯ ಏರ್ಪಾಡು ಮಾಡಿ ಕರೆದುಕೊಂಡು ಹೋಗಿ ಎಂದು ಹೇಳಬೇಕಾಯಿತು. ಒಮ್ಮೆ ತುತ್ತು ಗಂಟಲಿಗೆ ಸಿಕ್ಕಿತೆಂದು ಊಟವನ್ನೇ ಬಿಡುವುದು ಎಂಬ ಗಾದೆ ಅವರಲ್ಲಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಎನ್ನುವುದಿಲ್ಲವೇ ನಾವು? ಹಾಗೆಯೇ.

ಆ ದೇಶಕ್ಕೆ ಇಂಗ್ಲಿಷ್ ಕಲಿಸಲು ಹೋಗುವ ಪರದೇಶದ ಟೀಚರುಗಳೂ ಮಕ್ಕಳ ಜೊತೆ ಟೂರಿಗೆ ಹೊರಡುತ್ತಾರೆ. ಅಂಥವರ ಪಾಡು ಯೋಚಿಸಿ ನೋಡಿ. ಭಾಷೆ ಬಾರದು, ಎದುರಿಗೆ ‘ಅಪಾಯ’ ಎಂದು ಬೋರ್ಡು ಬರೆದಿದ್ದರೂ ಓದಲು ಬಾರದು. ಹಾಗಾಗಿ ಅವರು ಸ್ಥಳೀಯ ಟೀಚರನ್ನು ಕೇಳದೆ ಹೆಜ್ಜೆ ಇಡುವಂತಿಲ್ಲ.

ಇದನ್ನು ಯೋಚಿಸುವಾಗ ನನಗೆ ಥಟ್ಟನೆ ಹೊಳೆಯಿತು. ಬಯಲುಸೀಮೆಯಿಂದ ಬರುವ ಮಾಸ್ತರು, ಅಕ್ಕೋರಿಗೆ ನಮ್ಮ ಸಮುದ್ರವೂ ಪರದೇಶವೇ ಅಲ್ಲವೇ? ನಮ್ಮ ಕನ್ನಡವೇ, ನಮ್ಮ ರಾಜ್ಯವೇ, ಆದರೆ ಕಡಲಿನ ಭಾಷೆ ಅವರಿಗೆ ತಿಳಿಯದು. ತಿಳಿಯದೆಂಬುದೂ ತಿಳಿಯದು, ಅದೇ ಅಪಾಯ. ಅವರಲ್ಲಿ ಎಷ್ಟೋ ಮಂದಿ ತಾವೂ ಅಂದೇ ಮೊದಲ ಸಲ ಸಮುದ್ರ ನೋಡುತ್ತಿರುತ್ತಾರೆ.

ಸಮುದ್ರ ಎಳೆಯುವುದು ಹೇಗೆ?

ನಮ್ಮ ಪಕ್ಕದ ಮನೆಯ ಅಜ್ಜ ಆಯುಷ್ಯವೆಲ್ಲ ದೋಣಿಯ ಮೇಲೆ ಕಳೆದವರು. ಒಮ್ಮೆ ಅವರನ್ನು ಕೇಳಿದೆ. “ತಂಗೀ, ನೋಡೂಕೆ ಬಂದವ್ರು ತೆರೆ ಬರೂದು ನೋಡ್ತಾರೆ. ಬಂದ ನೀರು ಎಲ್ಲಿಂದ ವಾಪಸ್ ಹೋಗ್ತದೆ ಅಂತ ನೋಡೂದಿಲ್ಲ” ಎಂದರು.

ಎಂಥ ಮಾತು! ದಡಕ್ಕೆ ಬಂದ ನೀರೆಲ್ಲ ಮತ್ತೆ ಕಡಲಿಗೆ ಹೋಗಲೇಬೇಕಲ್ಲ? ಕೆಲವು ಕಡೆ ಅದು ಹೊಳೆಯ ಹಾಗೆ ಒಂದೇ ಜಾಗದಲ್ಲಿ ಕೂಡಿ ರಭಸದಿಂದ ಹೊರಗೆ ಹರಿಯುತ್ತದೆ. ಎರಡೂ ಬದಿಯಲ್ಲಿ ತೆರೆ ಒಡೆದು ಬೆಳ್ಳಗೆ ನೊರೆ ಏಳುತ್ತಿದ್ದರೆ, ನಡುವಿನ ಆ ಜಾಗ ಮಾತ್ರ ತೆರೆಯಿಲ್ಲದೆ ಸುಮ್ಮನಿದ್ದಂತೆ ಕಾಣುತ್ತದೆ. ತಿಳಿಯದವರು ಇಲ್ಲೇ ನೀರು ಶಾಂತವಾಗಿದೆ ಎಂದು ಅಲ್ಲಿಗೇ ಇಳಿಯುತ್ತಾರೆ! ಕಾಲಡಿಯ ಮರಳು ಜಾರುತ್ತದೆ, ಗಾಬರಿಯಾಗಿ ಒಬ್ಬಳು ಇನ್ನೊಬ್ಬಳ ಕೈ ಹಿಡಿಯುತ್ತಾಳೆ, ಇಬ್ಬರೂ ಹೋಗುತ್ತಾರೆ.

ಅಂಥ ನೀರಿಗೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಲು ಹೆಣಗಬಾರದು. ಎಂಥ ಈಜುಗಾರನೂ ಸೋತುಹೋಗುತ್ತಾನೆ. ಮೈ ಸಡಿಲ ಬಿಟ್ಟು ತೇಲಬೇಕು, ಕೈ ಎತ್ತಿ ಕೂಗಬೇಕು, ಈಜು ಬಂದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು ಆ ಹರಿವಿನಿಂದ ಹೊರಬರಬೇಕು. ದಡದಲ್ಲಿದ್ದವರು ಹಿಂದೆ ಹಾರಬಾರದು. ಹಗ್ಗ, ಖಾಲಿ ಪ್ಲಾಸ್ಟಿಕ್ ಕ್ಯಾನು, ಚೆಂಡು, ತೇಲುವ ಏನಾದರೂ ಸರಿ, ಎಸೆಯಬೇಕು. ಕಾವಲಿಗಿದ್ದವರನ್ನು ಕೂಗಬೇಕು, 112ಕ್ಕೆ ಫೋನ್ ಮಾಡಬೇಕು.

ಮಳೆಗಾಲದಲ್ಲಿ ಮಾತ್ರ ಕಡಲು ಕೆಟ್ಟದ್ದು ಎಂಬ ನಂಬಿಕೆಯೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ನಿಷೇಧವಿರುತ್ತದೆ, ಆಗ ಯಾರೂ ಟೂರಿಗೆ ಬರುವುದಿಲ್ಲ. ಆ ನಾಲ್ವರು ಮಕ್ಕಳು ಹೋದದ್ದು ಡಿಸೆಂಬರಿನಲ್ಲಿ, ಬಿಸಿಲು ಹೊಳೆಯುವ ಕಾಲದಲ್ಲಿ.

ಜಪಾನಿನವರು ಕಲಿತ ಪಾಠ

ಜಪಾನಿನಲ್ಲಿ 1955ರ ಮೇ 11ರಂದು ಮಂಜಿನಲ್ಲಿ ಎರಡು ಹಡಗು ಡಿಕ್ಕಿಯಾಗಿ ‘ಶಿಉನ್ ಮಾರು’ ಎಂಬ ಹಡಗು ಮುಳುಗಿತು. ಸತ್ತವರು 168 ಮಂದಿ. ಅವರಲ್ಲಿ ನೂರು ಮಂದಿ ಶಾಲೆಯ ಟೂರಿಗೆ ಹೊರಟ ಮಕ್ಕಳು! ಎಂಥ ಕಲ್ಲೆದೆಯೂ ಕರಗಬೇಕು. ಅವರು ಟೂರು ನಿಲ್ಲಿಸಲಿಲ್ಲ. ಮಕ್ಕಳಿಗೆ ಈಜು ಬರಬೇಕೆಂದು ದೇಶದುದ್ದಕ್ಕೂ ಶಾಲೆಗಳಲ್ಲಿ ಈಜುಕೊಳ ಕಟ್ಟುತ್ತಾ ಬಂದರು. ಆ ಕಡಲಿಗೆ ಸೇತುವೆ ಬೇಕೆಂಬ ಕೂಗೆದ್ದು 1988ರಲ್ಲಿ ಸೇತುವೆಯೂ ಆಯಿತು. ಅಲ್ಲಿನ ಟೀಚರುಗಳಿಗೆ ಇನ್ನೊಂದು ಒಳ್ಳೆಯ ರೂಢಿಯಿದೆ. ಮಕ್ಕಳನ್ನು ಕರೆದೊಯ್ಯುವ ಮೊದಲು ತಾವು ಹೋಗಿ ಆ ಜಾಗ ನೋಡಿ ಬರುತ್ತಾರೆ. ಎಲ್ಲಿ ಇಳಿಯುವುದು, ಎಲ್ಲಿ ಊಟ, ಶೌಚಾಲಯ ಎಲ್ಲಿ, ಅಪಾಯ ಎಲ್ಲಿ ಎಂದು. ಟೂರಿನ ವಿವರವೆಲ್ಲ ಇರುವ ಪುಟ್ಟ ಪುಸ್ತಕವನ್ನೂ ಮಕ್ಕಳ ಕೈಗೆ ಕೊಡುತ್ತಾರೆ.

ನಾವು ಈಜುಕೊಳ ಕಟ್ಟಲಾರೆವು, ನಿಜ. ಕಡಲ ಮಗ್ಗುಲಲ್ಲೇ ಬೆಳೆದ ನನಗೇ ಈಜು ಬಾರದು, ಹೇಳಲು ನಾಚಿಕೆಯಾಗುತ್ತದೆ. ಆದರೆ ಬಾಯಿಬಿಟ್ಟು ಕೇಳಲು ದುಡ್ಡು ಬೇಕೇ?

ಆ ನಾಲ್ಕು ಮಾತು

ಒಂದು: ಮಕ್ಕಳು ಹೋಗುವ ಜಾಗವನ್ನು ಟೀಚರುಗಳಲ್ಲಿ ಒಬ್ಬರಾದರೂ ಮೊದಲೇ ನೋಡಿದ್ದಾರೆಯೇ? ಇಲ್ಲದಿದ್ದರೆ ಆ ಊರಿನ ಶಾಲೆಗೋ ಪರಿಚಯದವರಿಗೋ ಫೋನ್ ಮಾಡಿ ಕೇಳಿದ್ದಾರೆಯೇ?

ಎರಡು: ನೀರಿರುವ ಕಡೆ ಹೋಗುತ್ತಾರೆಯೇ? ಹೋದರೆ ಎಷ್ಟು ಹೊತ್ತಿಗೆ, ಕಾವಲಿನವರು ಇದ್ದಾರೆಯೇ? ಹೊನ್ನಾವರದ ಬಳಿಯ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಗೆ ಜೀವರಕ್ಷಕರೋ ಜೀವರಕ್ಷಕ ಸಲಕರಣೆಯೋ ಇರಲೇಬೇಕೆಂಬ ನಿಯಮವಿದೆ. ಕಡಲು ತೋರಿಸಲೇಬೇಕಾದರೆ ಕಾವಲಿರುವ ಜಾಗ, ಅದೂ ಹಗಲು ಹೊತ್ತು. ಮುಸ್ಸಂಜೆಯಲ್ಲಿ ದಡದಲ್ಲಿ ಕೂತು ನೋಡಿದರೆ ಸಾಕು.

ಮೂರು: ಎಷ್ಟು ಮಕ್ಕಳಿಗೆ ಒಬ್ಬ ಟೀಚರು? ತಲೆ ಎಣಿಸುವವರು ಯಾರು? ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂದರೆ ಯಾರೂ ನೋಡುವುದಿಲ್ಲ ಎಂದೇ ಅರ್ಥ. ಹತ್ತು ಮಕ್ಕಳಿಗೆ ಇಂಥವರೇ ಎಂದು ಹೆಸರು ಹೇಳಲಿ.

ನಾಲ್ಕು: ರಾತ್ರಿ ಇಡೀ ಬಸ್ಸು ಓಡಿಸುತ್ತಾರೆಯೇ? ಡ್ರೈವರಿಗೆ ನಿದ್ದೆ ಎಲ್ಲಿ, ಎಷ್ಟು ಹೊತ್ತು?

ಕೇಳಿದರೆ ಟೀಚರಿಗೆ ಬೇಸರವಾದೀತು ಎಂದು ನಾನೂ ಹಿಂಜರಿದಿದ್ದೆ. ಹೈಸ್ಕೂಲು ಓದಿದವಳು, ಅವರ ಮುಂದೆ ಏನು ಮಾತಾಡಲಿ ಎಂದು. ಆದರೂ ಪೋಷಕರ ಸಭೆಯಲ್ಲಿ ಎದ್ದು ನಿಂತು, “ಹಂಪಿಯಲ್ಲಿ ಮಕ್ಕಳು ತುಂಗಭದ್ರೆಗೆ ಇಳೀತಾರಾ ಅಕ್ಕೋರೇ?” ಎಂದು ಕೇಳಿದೆ. ಅಲ್ಲಿನ ಬಂಡೆ, ಸುಳಿ ನಮ್ಮ ಮಕ್ಕಳಿಗೆ ಪರದೇಶವಲ್ಲವೇ? ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಹಿಂದಿನ ಬೆಂಚಿನಿಂದ ಇನ್ನೊಬ್ಬ ತಾಯಿ, “ಹೌದು, ನಾನೂ ಅದನ್ನೇ ಕೇಳೂಕಿದ್ದೆ” ಎಂದಳು. ಅಕ್ಕೋರು ಬೇಸರ ಮಾಡಿಕೊಳ್ಳಲಿಲ್ಲ. ನದಿಯ ಸ್ನಾನವನ್ನು ಕಾರ್ಯಕ್ರಮದಿಂದ ತೆಗೆದರು, ಹತ್ತತ್ತು ಮಕ್ಕಳಿಗೆ ಒಬ್ಬರೆಂದು ಹೆಸರು ಬರೆದರು. ಮನೆಯವರೂ ಚೀಟಿಗೆ ಸಹಿ ಹಾಕಿದರು.

ಚೀಲ ಕಟ್ಟುವಾಗ

ಮಗುವಿನ ಕಿಸೆಯಲ್ಲಿ ಹೆಸರು, ಫೋನ್ ನಂಬರು, ಔಷಧಿ ಆಗದಿದ್ದರೆ ಅದರ ಹೆಸರು ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡಿ. ಚಿನ್ನ ಬೇಡವೇ ಬೇಡ. ಘಟ್ಟ ಹತ್ತುವ ಮುಂಚೆ ಹೊಟ್ಟೆ ತುಂಬ ತಿನ್ನಬಾರದು. ಮೂಸಲು ಒಂದು ನಿಂಬೆಹಣ್ಣು ಇರಲಿ. ಮೊದಲ ದಿನದ ಮಧ್ಯಾಹ್ನಕ್ಕೆ ಕಾಯಿ ಹಾಕದ ಹುಳಿಯನ್ನ ಅಥವಾ ಚಪಾತಿ ಚಟ್ನಿಪುಡಿ ಕೆಡುವುದಿಲ್ಲ. ಗೆಳತಿಯರಿಗೂ ಸಾಲುವಷ್ಟು ಕಟ್ಟಿ. ಮನೆಯಲ್ಲಿ ಕಟ್ಟಿಕೊಡಲಾಗದ ಮಗು ಒಂದಾದರೂ ಬಸ್ಸಿನಲ್ಲಿ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ, ಹೊರಡುವ ಹಿಂದಿನ ರಾತ್ರಿ ಪಕ್ಕದಲ್ಲಿ ಕೂರಿಸಿಕೊಂಡು ನೀರಿನ ಮಾತು ಹೇಳಿ. ಬರೀ ‘ಹುಷಾರು’ ಎಂದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ‘ಗೆಳತಿಯರು ಎಳೆದರೂ, ಫೋಟೋ ಎಂದರೂ ಪಾದ ನೆನೆಯುವುದಕ್ಕಿಂತ ಮುಂದೆ ಹೋಗಬೇಡ. ಹೆದರುಪುಕ್ಕಿ ಎಂದು ನಕ್ಕರೆ ನಗಲಿ’ ಎಂದು ಬಿಡಿಸಿ ಹೇಳಿ.

ಇನ್ನು ನನ್ನ ಹಾಗೆ ಕಡಲ ಬದಿಯಲ್ಲಿರುವ ಸೋದರಿಯರಿಗೆ ಒಂದು ಮಾತು. ಪರಊರಿನ ಮಕ್ಕಳು ನೀರಿಗಿಳಿಯುವುದು ಕಂಡರೆ ‘ನಮಗೇಕೆ’ ಎಂದು ಹೋಗಬೇಡಿ. ಹತ್ತಿರ ಹೋಗಿ, “ಅಕ್ಕೋರೇ, ಇಲ್ಲಿ ನೀರು ಎಳೀತದೆ, ಮಕ್ಕಳನ್ನ ಮೇಲೆ ಕರೀರಿ” ಎನ್ನಿ. ಅವರಿಗೆ ಓದಲು ಬಾರದ ಬೋರ್ಡನ್ನು ನಾವು ಓದಿ ಹೇಳಿದಂತೆ.

ನನ್ನ ಮಗಳು ಮೂರನೆಯ ದಿನ ಬೆಳಿಗ್ಗೆ ಗಂಟಲು ಕೂತು, ಮುಖ ಕಪ್ಪಾಗಿ, ನಗುತ್ತಾ ಬಸ್ಸಿಳಿದಳು. ಕೈಯಲ್ಲಿ ನನಗೆಂದು ತಂದ ಕಲ್ಲಿನ ಪುಟ್ಟ ರಥ. ಅದನ್ನು ದೇವರ ಮುಂದೆ ಇಟ್ಟಿದ್ದೇನೆ. ದೀಪ ಹಚ್ಚುವಾಗಲೆಲ್ಲ ಮುಳಬಾಗಿಲಿನ ಆ ನಾಲ್ಕು ಮನೆಗಳು ನೆನಪಾಗುತ್ತವೆ. ಹೊರಟ ಮಕ್ಕಳೆಲ್ಲ ಹೀಗೆಯೇ ನಗುತ್ತಾ ಮನೆಗೆ ಬರಲಿ.