ಬಿಡುವುದು ಮತ್ತು ಬಿಟ್ಟಿರುವುದು

ಕನ್ನಡದಲ್ಲಿ ‘ವ್ಯಸನ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು ದುಃಖ, ಇನ್ನೊಂದು ಬಿಡಲಾಗದ ಚಟ. ನಮ್ಮ ಪೂರ್ವಿಕರು ಜೂಜು, ಬೇಟೆ, ಮದ್ಯಪಾನ ಮೊದಲಾದವನ್ನು ಸಪ್ತವ್ಯಸನಗಳೆಂದು ಎಣಿಸಿದರು. ಆಪ್ತರೊಬ್ಬರು ತೀರಿಕೊಂಡ ಸುದ್ದಿ ಕೇಳಿದಾಗಲೂ ‘ಬಹಳ ವ್ಯಸನವಾಯಿತು’ ಎಂದೇ ನಾವು ಹೇಳುತ್ತೇವೆ. ಚಟವನ್ನೂ ದುಃಖವನ್ನೂ ಒಂದೇ ಪದದಲ್ಲಿ ಕಟ್ಟಿಟ್ಟ ಭಾಷೆಗೆ ಮನುಷ್ಯಸ್ವಭಾವದ ಒಳಗುಟ್ಟು ತಿಳಿದಿತ್ತೆಂದು ತೋರುತ್ತದೆ. ಕುಡಿತಕ್ಕೆ ಬಿದ್ದವನ ಮನೆಯನ್ನು ಕಂಡವರಿಗೆ ಈ ಎರಡು ಅರ್ಥಗಳು ಬೇರೆಬೇರೆಯಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ.

ವ್ಯಾಕರಣದ ಇನ್ನೊಂದು ಸಣ್ಣ ಸಂಗತಿಯನ್ನೂ ಇಲ್ಲಿ ನೆನೆಯಬಹುದು. ‘ಅವನು ಕುಡಿತ ಬಿಟ್ಟನು’ ಎಂದರೆ ಮುಗಿದುಹೋದ ಒಂದು ಕ್ರಿಯೆ. ‘ಬಿಟ್ಟಿದ್ದಾನೆ’ ಎಂದೊಡನೆ ‘ಇರು’ ಎಂಬ ಧಾತು ಬಂದು ಸೇರಿಕೊಂಡು, ಆ ಕ್ರಿಯೆ ಒಂದು ಸ್ಥಿತಿಯಾಗುತ್ತದೆ; ಇಂದೂ ನಡೆಯುತ್ತಿರಬೇಕಾದ, ನಾಳೆಯೂ ಕಾಪಾಡಿಕೊಳ್ಳಬೇಕಾದ ಸ್ಥಿತಿ. ಬಿಡಿಸುವುದರ ವಿಷಯವಾಗಿ ನಮ್ಮಲ್ಲಿ ಸಾಕಷ್ಟು ಮಾತು ನಡೆದಿದೆ. ಬಿಟ್ಟಿರುವುದರ ವಿಷಯವಾಗಿ ನಡೆದಿರುವ ಮಾತು ಕಡಿಮೆ. ಆ ಎರಡನೆಯದನ್ನು ಕುರಿತು ಕೆಲವು ವಿಚಾರಗಳನ್ನು ನಿಮ್ಮ ಮುಂದಿಡಬಯಸುತ್ತೇನೆ.

ವ್ಯಸನಮುಕ್ತಿ ಕೇಂದ್ರದಲ್ಲಿ ಮೊದಲು ನಡೆಯುವುದು ದೇಹದ ಶುದ್ಧಿ. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ, ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ, ತಳಮಳ ಆರಂಭವಾಗುತ್ತವೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ಅಥವಾ ಮೂರನೆಯ ದಿನ ಸನ್ನಿಯೂ ತಲೆದೋರಬಹುದು. ಇದು ಪ್ರಾಣಕ್ಕೇ ಅಪಾಯವಾದೀತು. ಆದುದರಿಂದ ಅಂಥವರು ವೈದ್ಯರ ನೆರವಿಲ್ಲದೆ ಹಠಾತ್ತನೆ ನಿಲ್ಲಿಸುವುದು ಸರಿಯಲ್ಲ. ಔಷಧಿಯ ನೆರವಿನಿಂದ ಸಾಮಾನ್ಯವಾಗಿ ಒಂದು ವಾರದೊಳಗೆ ದೇಹ ಒಂದು ಹದಕ್ಕೆ ಬರುತ್ತದೆ. ಅನಂತರ ಕೆಲವು ವಾರಗಳ ಆಪ್ತಸಮಾಲೋಚನೆ ನಡೆದು, ರೋಗಿ ಮನೆಗೆ ಮರಳುತ್ತಾನೆ. ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸಿ, ಗಂಡಾಂತರ ಕಳೆಯಿತೆಂದು ನಿಟ್ಟುಸಿರುಬಿಡುತ್ತಾರೆ. ನಿಜವಾದ ಚಿಕಿತ್ಸೆ ಶುರುವಾಗುವುದು ಆ ದಿನದಿಂದ.

ಹೀಗೇಕೆಂದರೆ, ದೇಹ ವಾರದಲ್ಲಿ ಮರೆತದ್ದನ್ನು ಮಿದುಳು ವರ್ಷಗಳ ಕಾಲ ಮರೆಯುವುದಿಲ್ಲ. ಇಂಥ ಹೊತ್ತು, ಇಂಥ ಬೀದಿ, ಇಂಥ ಗೆಳೆಯ ಎಂದರೆ ಮದ್ಯ ಎಂಬ ಪಾಠವನ್ನು ಅದು ಸಾವಿರಾರು ಸಲ ಒಪ್ಪಿಸಿ ಕಲಿತಿರುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ಯಾವ ಗ್ರಂಥಕರ್ತನಿಗಿಂತಲೂ ಚೆನ್ನಾಗಿ ಹೇಳಿದ: ‘ಮೇಷ್ಟ್ರೇ, ಆಸ್ಪತ್ರೆಯಲ್ಲಿದ್ದ ಒಂದು ತಿಂಗಳು ನನಗೆ ಕಷ್ಟವೆನಿಸಲಿಲ್ಲ. ಅಲ್ಲಿ ಸಂಜೆ ಆರು ಗಂಟೆ ಎಂಬುದೇ ಇರಲಿಲ್ಲ. ಊರಿಗೆ ಬಂದ ದಿನವೇ ಆರು ಗಂಟೆಯಾಯಿತು.’ ಕೆಲಸ ಮುಗಿಸಿ ಬಸ್ಸಿಳಿದು, ಅಂಗಡಿಬೀದಿಯನ್ನು ಹಾದು ಮನೆ ಸೇರುವ ಹತ್ತು ನಿಮಿಷಗಳ ದಾರಿಯನ್ನು ಬದಲಿಸಿಕೊಳ್ಳುವುದಕ್ಕೆ ಅವನಿಗೆ ಎರಡು ತಿಂಗಳು ಹಿಡಿಯಿತು. ಈಗ ಅವನು ಕೆರೆಯ ಏರಿಯ ಮೇಲಿನ ದಾರಿಯಲ್ಲಿ ಸುತ್ತಿ ಬರುತ್ತಾನೆ. ಅರ್ಧ ಗಂಟೆ ತಡವಾಗುತ್ತದೆ. ಮನೆ ಮಾತ್ರ ತಪ್ಪುವುದಿಲ್ಲ.

ಚಿಕಿತ್ಸೆಯ ಬಳಿಕ ಮತ್ತೆ ಕುಡಿತಕ್ಕೆ ಮರಳುವವರು ಬಹಳ ಮಂದಿ. 2000ದಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿ ಪ್ರಸಿದ್ಧವಾದ ಒಂದು ಲೇಖನ, ವ್ಯಸನಿಗಳಲ್ಲಿ ನೂರಕ್ಕೆ 40ರಿಂದ 60 ಮಂದಿ ಹೀಗೆ ಮರಳುತ್ತಾರೆಂದೂ, ರಕ್ತದೊತ್ತಡ ಮತ್ತು ಆಸ್ತಮಾ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವ ಪ್ರಮಾಣವೂ ಇದಕ್ಕಿಂತ ಕಡಿಮೆಯಿಲ್ಲವೆಂದೂ ತೋರಿಸಿತು. ರಕ್ತದೊತ್ತಡ ಮತ್ತೆ ಏರಿದವನನ್ನು ನಾವು ಮನೆಗೆಟ್ಟವನೆನ್ನುವುದಿಲ್ಲ. ವೈದ್ಯರ ಬಳಿಗೆ ಕರೆದೊಯ್ಯುತ್ತೇವೆ. ಮತ್ತೆ ಕುಡಿದವನಿಗೆ ಮಾತ್ರ ‘ನಾಯಿಯ ಬಾಲ ಡೊಂಕು’ ಎಂಬ ಗಾದೆಯನ್ನು ಕೇಳಿಸುತ್ತೇವೆ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ 1985ರಲ್ಲಿ ಜುಡಿತ್ ಗಾರ್ಡನ್ ಅವರೊಡನೆ ಸಂಪಾದಿಸಿದ ಗ್ರಂಥದಲ್ಲಿ ಈ ಮರುಕಳಿಕೆಯ ಬಗೆಯನ್ನು ಬಿಡಿಸಿ ತೋರಿಸಿದರು. ಬೇಸರ ಕೋಪಗಳಂಥ ಮನಸ್ಸಿನ ಕುದಿತ, ಮನೆಯವರೊಡನೆ ಜಗಳ, ಜೊತೆಗಾರರ ಒತ್ತಾಯ ಇವು ಮೂರು ಮುಖ್ಯ ಕಾರಣಗಳು. ಒಂದು ಲೋಟ ಕುಡಿದದ್ದಕ್ಕಿಂತ, ‘ಎಲ್ಲವೂ ಹಾಳಾಯಿತು, ಇನ್ನೇಕೆ ತಡೆಯಲಿ’ ಎಂಬ ಹತಾಶೆಯೇ ಅವನನ್ನು ಪೂರ್ತಿಯಾಗಿ ಕೆಡವುತ್ತದೆಂದು ಅವರು ಹೇಳಿದರು. ಜಾರುವುದು ಬೇರೆ, ಬೀಳುವುದು ಬೇರೆ. ಜಾರಿದವನಿಗೆ ಆ ಕ್ಷಣದಲ್ಲಿ ಸಿಕ್ಕಬೇಕಾದದ್ದು ಒಂದು ಕೈ.

ಆ ಕೈ ಯಾರದಾಗಿರಬೇಕೆಂಬುದಕ್ಕೆ 1935ರ ಒಂದು ಪ್ರಸಂಗ ಉತ್ತರ ಕೊಡುತ್ತದೆ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ, ವ್ಯಾಪಾರದಲ್ಲಿ ಸೋತು ಓಹಿಯೋ ರಾಜ್ಯದ ಏಕ್ರನ್ ನಗರದ ಹೋಟೆಲೊಂದರಲ್ಲಿ ಒಂಟಿಯಾಗಿದ್ದ. ಪಾನಗೃಹ ಅಲ್ಲಿಯೇ ಇತ್ತು. ತನ್ನನ್ನು ಉಳಿಸಿಕೊಳ್ಳಬೇಕಾದರೆ ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕೆಂದು ಅವನಿಗೆ ಹೊಳೆಯಿತು. ಚರ್ಚುಗಳವರಿಗೆ ದೂರವಾಣಿ ಮಾಡುತ್ತ ಹೋಗಿ, ಕಡೆಗೆ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರನ್ನು ಕಂಡ. ವೈದ್ಯಶಾಸ್ತ್ರವನ್ನು ಬಲ್ಲ ಆ ವೈದ್ಯರಿಗೆ ತಮ್ಮ ಕುಡಿತಕ್ಕೆ ಮಾತ್ರ ಮದ್ದು ತಿಳಿದಿರಲಿಲ್ಲ. ಈ ಭೇಟಿಯಾದ ಕೆಲವು ವಾರಗಳಲ್ಲಿ ಅವರು ವೈದ್ಯರ ಸಮ್ಮೇಳನಕ್ಕೆಂದು ಹೋಗಿ ಮತ್ತೆ ಕುಡಿದರು. ಮರಳಿ ಬಂದಾಗ ಬಿಲ್ ಅವರನ್ನು ಕೈಬಿಡಲಿಲ್ಲ. 1935ರ ಜೂನ್ 10ರಂದು ಕುಡಿದದ್ದೇ ಡಾಕ್ಟರ್ ಬಾಬ್ ಅವರ ಕೊನೆಯ ಕುಡಿತವಾಯಿತು. 1950ರಲ್ಲಿ ತೀರಿಕೊಳ್ಳುವವರೆಗೂ ಅವರು ಮುಟ್ಟಲಿಲ್ಲ. ಆ ದಿನವನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಸಹವಾಸದ ಹುಟ್ಟುದಿನವೆಂದು ಎಣಿಸುತ್ತಾರೆ.

ಕರ್ನಾಟಕದಲ್ಲೂ ನಡೆಯುವ ಈ ಸಭೆಗಳ ರೀತಿ ಸರಳ. ಶುಲ್ಕವಿಲ್ಲ, ವಿಳಾಸ ಕೇಳುವವರಿಲ್ಲ. ಕುಡಿತ ನಿಲ್ಲಿಸಬೇಕೆಂಬ ಅಪೇಕ್ಷೆಯೊಂದೇ ಪ್ರವೇಶಕ್ಕೆ ಅರ್ಹತೆ. ಒಬ್ಬೊಬ್ಬರೇ ಎದ್ದು ತಮ್ಮ ಹೆಸರನ್ನೂ ‘ನಾನೊಬ್ಬ ಮದ್ಯವ್ಯಸನಿ’ ಎಂಬುದನ್ನೂ ಹೇಳಿ ತಮ್ಮ ಕಥೆಯನ್ನು ಒಪ್ಪಿಸುತ್ತಾರೆ. ಇಪ್ಪತ್ತು ವರ್ಷ ಮುಟ್ಟದವರೂ ಹಾಗೆಯೇ ಹೇಳುತ್ತಾರೆ. ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನವರು ನನಗೆ ಇಲ್ಲಿ ನೆನಪಾಗುತ್ತಾರೆ. ಶರಣರ ಗಣದಲ್ಲಿ ಸೇರಿದ ಮೇಲೂ ಹೆಂಡದ ಹೆಸರು ಅವರೊಡನೆ ಉಳಿಯಿತು. ಅದರಿಂದ ಅವರ ಹಿರಿಮೆ ಕುಂದಲಿಲ್ಲ. ತನ್ನ ದುರ್ಬಲತೆಯನ್ನು ಹೆಸರಿಟ್ಟು ಕರೆಯಬಲ್ಲವನು ಅದರ ಹೊಂಚನ್ನೂ ಅರಿಯುತ್ತಾನೆ. ಇನ್ನು ಮುಂದೆ ಎಂದೆಂದಿಗೂ ಕುಡಿಯೆನೆಂಬ ಭೀಷ್ಮಪ್ರತಿಜ್ಞೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಇಂದು ಒಂದು ದಿನ ಸಾಕು. 2020ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಸ್ತೃತ ಪರಾಮರ್ಶೆ, ಎಡೆಬಿಡದೆ ಕುಡಿತದಿಂದ ದೂರವಿರಿಸುವುದರಲ್ಲಿ ಈ ಮಾರ್ಗದತ್ತ ಜನರನ್ನು ವ್ಯವಸ್ಥಿತವಾಗಿ ನಡೆಸುವ ಚಿಕಿತ್ಸೆಯು ಇತರ ಮಾನ್ಯ ಚಿಕಿತ್ಸೆಗಳಿಗಿಂತ ಮುಂದಿದೆಯೆಂದು ಕಂಡುಕೊಂಡಿತು.

ನಮ್ಮ ನಾಡಿನಲ್ಲಿ ಬೆಳೆದ ಮಾದರಿಯೂ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿಸಿದವರು ತಮ್ಮ ತಮ್ಮ ಊರಿನಲ್ಲಿ ‘ನವಜೀವನ ಸಮಿತಿ’ ಎಂದು ಒಟ್ಟುಗೂಡಿ, ನಿಯತವಾಗಿ ಸೇರುತ್ತ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಶಿಬಿರದ ದಿನಗಳು ಬೇಗನೆ ಮುಗಿಯುತ್ತವೆ, ಸಮಿತಿ ಮುಗಿಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ಬಿಡುಗಡೆಯಾದ ಮೇಲೂ ಹೊರರೋಗಿಯಾಗಿ ಬಂದು ಹೋಗುವುದಕ್ಕೆ ಅವಕಾಶವಿದೆ. ಆಸೆಯ ಸೆಳೆತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ಗಳಂಥ ಔಷಧಿಗಳನ್ನು ವೈದ್ಯರು ತಿಂಗಳುಗಟ್ಟಲೆ ಕೊಡುವುದುಂಟು. ಕುಡಿದರೆ ಮೈಗೆ ವಿಪರೀತ ಸಂಕಟವಾಗುವಂತೆ ಮಾಡುವ ಡೈಸಲ್ಫಿರಾಮ್ ಇನ್ನೊಂದು. ಇದನ್ನು ರೋಗಿಗೆ ತಿಳಿಯದಂತೆ ಅನ್ನದಲ್ಲೋ ಕಾಫಿಯಲ್ಲೋ ಬೆರೆಸುವ ಮನೆಗಳುಂಟು. ಗೊತ್ತಿಲ್ಲದೆ ಅವನು ಕುಡಿದರೆ ಜೀವಕ್ಕೇ ಎರವಾದೀತು. ಔಷಧಿ ಅವನ ಒಪ್ಪಿಗೆಯಿಂದ, ವೈದ್ಯರ ಕಣ್ಗಾವಲಿನಲ್ಲೇ ನಡೆಯಬೇಕು.

ಮನೆಯವರ ಪಾಡು ಬೇರೆ ಬಗೆಯದು. ನನ್ನ ಶಿಷ್ಯನ ಹೆಂಡತಿ ಒಮ್ಮೆ ಹೇಳಿದಳು: ‘ಅವರು ಕುಡಿಯುತ್ತಿದ್ದಾಗ ಒಂದು ಭಯವಿತ್ತು. ಬಿಟ್ಟ ಮೇಲೆ ಹತ್ತು ಭಯಗಳಾದವು. ಬಾಗಿಲ ಸದ್ದಾದರೆ ಮೊದಲು ಮೂಗೇ ಮುಂದಾಗುತ್ತಿತ್ತು.’ ವರ್ಷಗಳ ಸುಳ್ಳನ್ನು ಉಂಡ ಮನಸ್ಸಿಗೆ ಒಂದು ತಿಂಗಳ ಚಿಕಿತ್ಸೆಯಿಂದ ನಂಬಿಕೆ ಬರುವುದಿಲ್ಲ. ಬರಬೇಕೆಂದು ಗಂಡ ಹಟಹಿಡಿಯುವುದೂ ನ್ಯಾಯವಲ್ಲ. ಅವಳಿಗೂ ಮಾತನಾಡಿಕೊಳ್ಳುವ ಸಂಗಾತಿಗಳು ಬೇಕು. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ ಮುಂತಾದವರು 1951ರಲ್ಲಿ ‘ಅಲ್-ಅನಾನ್’ ಎಂಬ ಕುಟುಂಬದವರ ಕೂಟವನ್ನು ಕಟ್ಟಿದ್ದು ಈ ಕಾರಣಕ್ಕೆ. ದಿನವೂ ಜೇಬು ತಡಕುವುದರಿಂದ ಯಾರೂ ಉಳಿಯಲಿಲ್ಲ. ಹೊತ್ತಿಗೆ ಸರಿಯಾದ ಊಟ, ನಿದ್ದೆ, ಕೈಗೊಂದು ಕೆಲಸ, ಸಭೆಗೆ ಹೋಗುವ ಸಂಜೆ ‘ಮತ್ತೆ ಹೊರಟಿರಾ’ ಎನ್ನದೆ ಕಳುಹಿಸಿಕೊಡುವ ಸಹನೆ: ಇವು ಹೆಚ್ಚು ಕೆಲಸ ಮಾಡುತ್ತವೆ.

ಅಗತ್ಯಕ್ಕೂ ನೆರವಿಗೂ ನಡುವಿನ ಅಂತರ ದೊಡ್ಡದು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿತ್ತು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ಅಂಗಡಿಯನ್ನು ಮುಚ್ಚುವುದು ಕಾನೂನಿನಿಂದ ಸಾಧ್ಯ. ಆರು ಗಂಟೆಯ ಸಂಜೆಯನ್ನು ತುಂಬಿಕೊಡುವುದಕ್ಕೆ ಮನುಷ್ಯರೇ ಬೇಕು. ದಾರಿ ತೋರದವರು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೋ, ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೋ ಕರೆ ಮಾಡಬಹುದು.

ವ್ಯಸನಿಗಳೂ ಅಲ್ಲದ, ಅವರ ಬಂಧುಗಳೂ ಅಲ್ಲದ ನಮ್ಮಂಥವರಿಗೂ ಇಲ್ಲೊಂದು ಸಣ್ಣ ಕರ್ತವ್ಯವಿದೆ. ಮದುವೆಮನೆಯಲ್ಲೋ ಗೆಳೆಯರ ಕೂಟದಲ್ಲೋ ಒಬ್ಬಾತ ‘ನನಗೆ ಬೇಡ’ ಎಂದಾಗ ಕಾರಣ ಕೇಳದಿರುವುದು, ‘ಇವತ್ತೊಂದು ದಿನ’ ಎಂದು ಒತ್ತಾಯಿಸದಿರುವುದು. ಆ ‘ಇವತ್ತೊಂದು ದಿನ’ವನ್ನೇ ಅವನು ಬೆಳಗಿನಿಂದ ಕಾಪಾಡಿಕೊಂಡು ಬಂದಿರುತ್ತಾನೆ. ಮಜ್ಜಿಗೆಯ ಲೋಟವನ್ನು ಅವನ ಮುಂದಿಟ್ಟು, ಬೇರೆ ಮಾತು ತೆಗೆಯೋಣ.