ಪ್ರಶಸ್ತಿ ಅರ್ಜಿ: ನಾನು ಎಡವಿದ್ದೆಲ್ಲಿ?

ನಮ್ಮೂರು ಅಂಬಾಜಿದುರ್ಗದ ಬುಡದಲ್ಲಿದೆ. ಕೊಳವೆಬಾವಿ ಕೈಕೊಟ್ಟ ವರ್ಷವೂ ಬದುವಿನ ಹುಣಸೆಮರ ನಾಲ್ಕು ಕಾಸು ಕೊಡುತ್ತದೆ. ಆದರೆ ಹಣ್ಣು ಬಡಿದು, ಓಡು ಕಳೆದ ಮೇಲೆ ಬೀಜ ತೆಗೆಯುವುದು ದೊಡ್ಡ ತಲೆನೋವು. ಕಲ್ಲಿನ ಮೇಲಿಟ್ಟು ಕೊಡತಿಯಿಂದ ಕುಟ್ಟಬೇಕು, ಒಂದೊಂದೇ ಬೀಜ ಕೀಳಬೇಕು. ಸಂಜೆಗೆ ಹೆಂಗಸರ ಬೆರಳು ಬಿರಿದಿರುತ್ತದೆ. ಇದಕ್ಕೆಂದು ಕಾಲಿನಿಂದ ತುಳಿಯುವ ಒಂದು ಸಾಧನ ಮಾಡಿಸಿದೆ. ಹಲಗೆಯಲ್ಲಿ ಉದ್ದನೆಯ ಸೀಳುಗಂಡಿ, ಮೇಲೊಂದು ಮೊಂಡು ಪಟ್ಟಿ. ತುಳಿದರೆ ಪಟ್ಟಿ ಹಣ್ಣನ್ನು ಒತ್ತುತ್ತದೆ, ಬೀಜ ಗಂಡಿಯಿಂದ ಕೆಳಗಿನ ಮಂಕರಿಗೆ ಬೀಳುತ್ತದೆ. ಎರಡೂ ಕೈ ಬಿಡುವಾಗಿರುವುದರಿಂದ ಹಣ್ಣನ್ನು ಸರಿಸುತ್ತಾ ಹೋಗಬಹುದು.

ನೋಡಿದವರೆಲ್ಲ "ಪ್ರಶಸ್ತಿಗೆ ಹಾಕ್ರೀ" ಅಂದರು. ಹಾಕಿದೆ. ನಾಲ್ಕು ಪುಟದ ಅರ್ಜಿ. ಅದರಲ್ಲಿ ನಮ್ಮ ಮನೆತನ, ನಾನು ಸೊಸೈಟಿಯಲ್ಲಿ ಡೈರೆಕ್ಟರಾಗಿದ್ದದ್ದು, ಶಾಲು ಹೊದಿಸಿಕೊಂಡ ಎರಡು ಫೋಟೋ. ಸಾಧನದ ಬಗ್ಗೆ ಬರೆದದ್ದು ಎಂಟೇ ಸಾಲು! "ಇದರಿಂದ ಕೆಲಸ ಮೂರು ಪಟ್ಟು ಬೇಗ ಆಗುತ್ತದೆ" ಅಂತಲೂ ಬರೆದಿದ್ದೆ. ಅಳತೆ ಮಾಡಿ ಬರೆದದ್ದಲ್ಲ, ಅಂದಾಜಿಗೆ ಬಂದದ್ದು.

ನೋಡಲು ಇಬ್ಬರು ಬಂದರು. ಒಬ್ಬರು ಕೈಗಡಿಯಾರ ತೆಗೆದು ಎದುರಿಗಿಟ್ಟರು. ಒಂದು ಕಡೆ ಕೊಡತಿ, ಇನ್ನೊಂದು ಕಡೆ ನನ್ನ ಸಾಧನ, ಒಂದೊಂದು ಗಂಟೆ. ಬಿಡಿಸಿದ ಹಣ್ಣು ತೂಗಿದರೆ ಒಂದೂವರೆ ಪಟ್ಟೂ ದಾಟಲಿಲ್ಲ. ಹಿಂದಿನ ರಾತ್ರಿ ಮಳೆ ಬಂದು ಹಣ್ಣು ಮೆತ್ತಗಾಗಿತ್ತು, ಪಟ್ಟಿಗೆ ಅಂಟಿಕೊಳ್ಳುತ್ತಿತ್ತು. ಬಿಸಿಲಲ್ಲಿ ಚೆನ್ನಾಗಿ ಒಣಗಿದ ಹಣ್ಣಿಗೆ ಮಾತ್ರ ಇದು ಸರಿ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅರ್ಜಿಯಲ್ಲಿ ಮಾತ್ರ ಇರಲಿಲ್ಲ.

ಅವರು ಕೇಳಿದ ಎರಡನೇ ಪ್ರಶ್ನೆ: "ಅಣ್ಣಿಗೇರಿಯ ನಡಕಟ್ಟಿನ್ ಅವರ ಯಂತ್ರ ನೋಡಿದ್ದೀರಾ?" ನಾನು ಹೆಸರೇ ಕೇಳಿರಲಿಲ್ಲ. ಧಾರವಾಡ ಜಿಲ್ಲೆಯ ಅಬ್ದುಲ್ ಖಾದರ್ ನಡಕಟ್ಟಿನ್ ಹುಣಸೆಬೀಜ ಬೇರ್ಪಡಿಸುವ ಯಂತ್ರವನ್ನು ಎಂದೋ ಮಾಡಿದ್ದರು. ಉಳುಮೆಯ, ಬಿತ್ತನೆಯ ಸಲಕರಣೆಗಳು ಬೇರೆ. ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ 2015ರಲ್ಲಿ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಿತು. 2022ರಲ್ಲಿ ಪದ್ಮಶ್ರೀ ಬಂತು. ನಾನು ಅರ್ಜಿಯಲ್ಲಿ "ದೇಶದಲ್ಲೇ ಮೊದಲು" ಅಂತ ಬರೆದುಬಿಟ್ಟಿದ್ದೆ. ನಾಚಿಕೆಯಾಯಿತು.

ಹಾಗಂತ ಬೇರೆಯವರು ಮಾಡಿದ್ದಾರೆಂದರೆ ನಮ್ಮದು ಕೆಲಸಕ್ಕೆ ಬಾರದ್ದು ಎಂದಲ್ಲ. ಅದನ್ನು ನೋಡಿ, ನಮ್ಮದು ಯಾವುದರಲ್ಲಿ ಬೇರೆ ಎಂದು ಬರೆಯಬೇಕು ಅಷ್ಟೇ. ನನ್ನದಕ್ಕೆ ಕರೆಂಟು ಬೇಡ, ಮೂರ್ನಾಲ್ಕು ಮರ ಇರುವವರ ಜಗಲಿಯ ಮೇಲೆ ಕೂರುತ್ತದೆ. ಇದೇ ಅದರ ಬಲ. ನಿಮ್ಮ ಸಾಧನ ಈಗಾಗಲೇ ಇದೆಯೇ ಎಂದು ತಿಳಿಯಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ನಮ್ಮ ಕಡೆಯವರಿಗೆ ಚಿಂತಾಮಣಿ ಪಕ್ಕದ ಕುರುಬೂರಿನಲ್ಲೇ ಇದೆ. ಜಿಕೆವಿಕೆಯ ಕೃಷಿಮೇಳದಲ್ಲಿ ಸಲಕರಣೆಗಳ ಮಳಿಗೆಗಳನ್ನು ಅರ್ಧ ದಿನ ಸುತ್ತಿದರೂ ಬೇಕಾದಷ್ಟು ಗೊತ್ತಾಗುತ್ತದೆ.

ಯಾರ ಹೆಸರು ಬರೆಯಬೇಕು?

ನಿಜವಾಗಿ ನನ್ನನ್ನು ಕುಟುಕಿದ ತಪ್ಪು ಇದು. ಅರ್ಜಿಯಲ್ಲಿ "ಸಂಶೋಧಕರ ಹೆಸರು" ಅಂತ ಒಂದು ಗೆರೆ. ನನ್ನ ಹೆಸರು ಬರೆದೆ. ಆದರೆ ಮೊದಲು ನಾನು ಮಾಡಿಸಿದ್ದರಲ್ಲಿ ಸೀಳುಗಂಡಿ ಇರಲೇ ಇಲ್ಲ. ಹಣ್ಣು ಒಡೆಯುತ್ತಿತ್ತು, ಬೀಜವನ್ನು ಕೈಯಲ್ಲೇ ಕೀಳಬೇಕಿತ್ತು. ಕೂಲಿಗೆ ಬರುವ ಅಜ್ಜಿಯೊಬ್ಬರು "ಬೀಜ ಕೆಳೀಕ್ ಬಿದ್ದೋಗೋ ಅಂಗೆ ಮಾಡಪ್ಪಾ, ನಾನ್ಯಾಕ್ ಕೀಳ್ಬೇಕು?" ಅಂದರು. ತುಳಿದ ಪಟ್ಟಿ ತಾನಾಗಿ ಮೇಲೇಳುವಂತೆ ಸ್ಪ್ರಿಂಗ್ ಕೂರಿಸಿದವರು ನಮ್ಮ ಕಮ್ಮಾರರು. ಅದಿಲ್ಲದಿದ್ದರೆ ಸಾಧನ ಗುಜರಿಗೆ ಹೋಗುತ್ತಿತ್ತು.

ನೋಡಲು ಬಂದವರು ಸ್ಪ್ರಿಂಗ್ ಬಗ್ಗೆ ಕೇಳಿದಾಗ ಕಮ್ಮಾರರೇ ಪಕ್ಕದಲ್ಲಿ ನಿಂತಿದ್ದರು. ನಾನು "ನಾನೇ ಯೋಚಿಸಿ ಹಾಕಿಸಿದೆ" ಅಂದೆ. ಅವರೇನೂ ಮಾತಾಡಲಿಲ್ಲ. ಆಮೇಲೆ ಮೂರು ತಿಂಗಳು ನನ್ನ ಗುದ್ದಲಿ ತಟ್ಟಿಕೊಡಲಿಲ್ಲ. "ಕೆಲಸ ಜಾಸ್ತಿ ಐತೆ ಸ್ವಾಮಿ" ಅನ್ನುತ್ತಿದ್ದರು. ಮೊದಲು ನನ್ನನ್ನು ಅಣ್ಣಾ ಅನ್ನುತ್ತಿದ್ದವರು! ಪ್ರಶಸ್ತಿಯಂತೂ ಬರಲಿಲ್ಲ. ಕೊನೆಗೆ ಒಂದು ದಿನ ಕುಲುಮೆಗೆ ಹೋಗಿ ಕೂತು ತಪ್ಪಾಯಿತು ಅಂದೆ.

ಎರಡನೇ ಸಲದ ಅರ್ಜಿ ಒಂದೂವರೆ ಪುಟ. ಗೆರೆ ಒಂದೇ ಇದ್ದರೂ ಮೂರು ಹೆಸರು ಬರೆದು, ಯಾರದು ಯಾವ ಭಾಗ ಎಂದು ಕೆಳಗೆ ಬಿಡಿಸಿ ಹೇಳಿದೆ. ಮೊದಲು ಎಂಥ ಕಷ್ಟವಿತ್ತು, ಏನು ಮಾಡಿ ನೋಡಿದೆವು, ಯಾವುದು ಕೆಟ್ಟಿತು, ಈಗ ಹೇಗಿದೆ, ಇಷ್ಟೇ. ಐದು ದಿನ ಇಬ್ಬರು ಹೆಂಗಸರು ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ ಬಿಡಿಸಿದ್ದನ್ನು ತೂಗಿ ಪಟ್ಟಿ ಲಗತ್ತಿಸಿದೆ. ಎಷ್ಟು ಹಣ್ಣು ಇಡಿಯಾಗಿ ಬಂತು, ಎಷ್ಟು ಚೂರಾಯಿತು ಎಂಬುದನ್ನೂ ಬರೆದೆ, ಯಾಕೆಂದರೆ ವ್ಯಾಪಾರಿ ನೋಡುವುದು ಅದನ್ನೇ. ಮಾಡಿಸಿದ ಖರ್ಚು ಹಾಕಿದೆ. ಒದ್ದೆ ಹಣ್ಣಿಗೆ ಆಗದು ಎಂದು ಬರೆಯುವಾಗ ಮಗ "ಇದನ್ನ್ಯಾಕಪ್ಪಾ ಹೇಳ್ತೀಯಾ?" ಅಂತ ತಡೆದ. ಈ ಸಲ ನೋಡಲು ಬಂದವರು ಮೊದಲು ಓದಿದ್ದು ಆ ಸಾಲನ್ನೇ. ಪಕ್ಕದ ಹಳ್ಳಿಯಲ್ಲಿ ಇದನ್ನು ಬಳಸುವ ಇಬ್ಬರ ಮನೆಗೂ ಕರೆದುಕೊಂಡು ಹೋದೆ. ನಮ್ಮ ಜಗಲಿ ಬಿಟ್ಟು ಬೇರೆಯವರ ಜಗಲಿಯಲ್ಲೂ ಅದು ಓಡುತ್ತಿರುವುದೇ ದೊಡ್ಡ ಸಾಕ್ಷಿ.

ಎಲ್ಲಿಗೆ ಹಾಕಬೇಕು?

ಒಂದೊಂದು ಪ್ರಶಸ್ತಿಗೆ ಒಂದೊಂದು ದಾರಿ. ಕೃಷಿ ಇಲಾಖೆಯ ಕೃಷಿ ಪ್ರಶಸ್ತಿ ಇಳುವರಿಯ ಸ್ಪರ್ಧೆ, ಅದಕ್ಕೆ ಸಾಧನ ತೋರಿಸಿ ಪ್ರಯೋಜನವಿಲ್ಲ. ಹೊಸ ಬಗೆಯ ಕೆಲಸಕ್ಕೆ ಇರುವುದು ಕೃಷಿ ಪಂಡಿತ ಪ್ರಶಸ್ತಿ. ಎರಡಕ್ಕೂ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ನಾಟಿ ತಳಿ ಉಳಿಸಿಕೊಂಡು ಬಂದವರಿಗೆ ಸಸ್ಯ ತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಪ್ರಾಧಿಕಾರ ಪ್ರಶಸ್ತಿ ಕೊಡುತ್ತದೆ. ಪ್ರಾಧಿಕಾರ ಹುಟ್ಟಿದ್ದು 2001ರ ಕಾಯ್ದೆಯಿಂದ.

ನಮ್ಮಂಥ ಕೈಕೆಲಸದವರಿಗೆ ಹೆಚ್ಚು ಹೊಂದುವುದು ಮೊದಲೇ ಹೇಳಿದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ. 2000ದಲ್ಲಿ ಶುರುವಾದ ಈ ಸಂಸ್ಥೆ ಗುಜರಾತಿನ ಗಾಂಧಿನಗರದ ಬಳಿ ಇದೆ. ಕಾಲೇಜು, ಕಂಪನಿಗಳ ನೆರವಿಲ್ಲದೆ ರೈತರು, ಮೆಕ್ಯಾನಿಕ್‌ಗಳು, ಕುಶಲಕರ್ಮಿಗಳು ಸ್ವಂತ ಬುದ್ಧಿಯಿಂದ ಮಾಡಿದ್ದಕ್ಕೇ ಅಲ್ಲಿ ಬೆಲೆ. ಇಂಗ್ಲಿಷೇ ಆಗಬೇಕೆಂದಿಲ್ಲ, ಕನ್ನಡದಲ್ಲೂ ಬರೆಯಬಹುದು.

ಒಂದು ಎಚ್ಚರ. ಪೇಟೆಂಟ್ ಆಸೆ ಇರುವವರು ಮೇಳದಲ್ಲಿ ತೋರಿಸುವ, ಪತ್ರಿಕೆಗೆ ಕೊಡುವ ಮುಂಚೆಯೇ ಪೇಟೆಂಟ್ ಅರ್ಜಿ ಹಾಕಬೇಕು. ಎಲ್ಲರಿಗೂ ತೋರಿಸಿದ ಮೇಲೆ "ಇದು ಹೊಸದು" ಎಂದು ಸಾಧಿಸುವುದು ಕಷ್ಟ. ಕೆಲಸ ಪೂರ್ತಿಯಾಗಿರದಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರ ಕೊಡಲು ಅವಕಾಶವಿದೆ. ನಮ್ಮ ರಾಜ್ಯಕ್ಕೆ ಚೆನ್ನೈ ಕಚೇರಿ. ಬೇಸಾಯದ ವಿಧಾನಕ್ಕೆ ಮಾತ್ರ 1970ರ ಕಾಯ್ದೆ ಪ್ರಕಾರ ಪೇಟೆಂಟ್ ಸಿಗುವುದಿಲ್ಲ. ಅಂದರೆ ನೀವು ಸಾಲಿನ ಅಂತರ ಬದಲಿಸಿ ರಾಗಿ ಬೆಳೆದದ್ದಕ್ಕೆ ಸಿಗದು, ಸಾಲು ಹೊಡೆಯುವ ಹೊಸ ಸಲಕರಣೆಗೆ ಸಿಗಬಹುದು. ನಾನಂತೂ ಆ ಆಸೆ ಬಿಟ್ಟೇ ಇದನ್ನು ಇಲ್ಲಿ ಬರೆದಿದ್ದೇನೆ. ಬೇಕಾದವರು ಮಾಡಿಸಿಕೊಳ್ಳಿ.

ಎರಡನೇ ಅರ್ಜಿಗೆ ಬಂದದ್ದು ಒಂದು ಪ್ರಮಾಣಪತ್ರ, ಮೂರೂ ಹೆಸರು ಇರುವಂಥದ್ದು. ನಗದು ಇಲ್ಲ. ಅದು ಕಮ್ಮಾರರ ಕುಲುಮೆಯ ಗೋಡೆಯ ಮೇಲಿದೆ, ಹೊಗೆಗೆ ಆಗಲೇ ಕಂದಿದೆ. ಅದನ್ನು ನೋಡಿ ಬಂದವರಿಗೆ ಈವರೆಗೆ ಆರು ಸಾಧನ ಮಾಡಿಕೊಟ್ಟಿದ್ದಾರೆ. ಅಜ್ಜಿಗೆ ಓದಲು ಬರುವುದಿಲ್ಲ. ತಮ್ಮ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿದರು. ತೋರಿಸಿದೆ.