ಸವೆದ ಕ್ಲಚ್ಚಿನ ಲೆಕ್ಕ

ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಮೊಳಕಾಲ್ಮೂರು ಸೀಮೆಯ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಒಂದು ಯಂತ್ರದೊಡನೆ ನನಗೆ ದೀರ್ಘಕಾಲದ ಸಹವಾಸವುಂಟು. 1984ರಲ್ಲಿ, ಬೇರೊಬ್ಬರು ಐದು ವರ್ಷ ಓಡಿಸಿ ಬಿಟ್ಟ ಯೆಜ್ಡಿ ಮೋಟಾರ್ ಸೈಕಲ್ಲೊಂದನ್ನು ನಾನು ಕೊಂಡೆ. ಅದರ ಮೇಲೆ ಕುಳಿತು ಶಾಲೆಗೆ ಹೋದೆ, ಚಳ್ಳಕೆರೆಯಿಂದ ಕಡಲೆಕಾಯಿ ಎಣ್ಣೆಯ ಡಬ್ಬ ತಂದೆ, ಹೆಂಡತಿಯನ್ನು ಹೆರಿಗೆಗೆ ಕರೆದೊಯ್ದೆ. ನಾನು ನಿವೃತ್ತನಾದೆ, ಅದು ಮಾತ್ರ ಇನ್ನೂ ಆಗಿಲ್ಲ. ಇಂಥ ಗಾಡಿಯ ಕ್ಲಚ್ಚು ಸವೆದಾಗ ಏನಾಗುತ್ತದೆ, ಅದನ್ನು ಸರಿಪಡಿಸುವುದು ಹೇಗೆ, ಅದಕ್ಕೆ ತಗಲುವ ಖರ್ಚೆಷ್ಟು ಎಂಬ ಸಣ್ಣ ವಿಷಯವನ್ನು ಈಗ ನಿಮ್ಮ ಮುಂದಿಡುತ್ತೇನೆ. ವಿಷಯ ಸಣ್ಣದೆಂದು ನಾನೂ ಭಾವಿಸಿದ್ದೆ. ಲೆಕ್ಕ ಕೂಡಿಸುವಾಗ ಅದು ಅಷ್ಟು ಸಣ್ಣದಲ್ಲವೆಂದು ತಿಳಿಯಿತು.

ಕಳೆದ ಮಾಘಮಾಸದಲ್ಲಿ ಹಳೆಯ ಸ್ನೇಹಿತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಸಿದ್ದಾಪುರ, ಬ್ರಹ್ಮಗಿರಿಗಳಲ್ಲಿರುವ ಅಶೋಕನ ಶಾಸನಗಳನ್ನು ನೋಡಬೇಕೆಂಬುದು ಅವರ ಬಹುದಿನದ ಆಸೆ. ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದ ಈ ಬಂಡೆಗಳು ನಮ್ಮ ತಾಲೂಕಿನ ಹೆಮ್ಮೆ. ಅವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಹಾದಿಯಲ್ಲಿ ಮರಳು ತುಂಬಿದ ಒಂದು ಏರು. ಅಲ್ಲಿ ಎಂಜಿನ್ನು ಇದ್ದಕ್ಕಿದ್ದಂತೆ ಕೂಗತೊಡಗಿತು, ಗಾಡಿ ಮುಂದೆ ಹೋಗದು. ಇನ್ನಷ್ಟು ತಿರುವಿದರೆ ಇನ್ನಷ್ಟು ಕೂಗು, ಇನ್ನಷ್ಟು ಕಡಿಮೆ ನಡಿಗೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಎಪ್ಪತ್ತರ ಸಮೀಪದ ನಾವಿಬ್ಬರೂ ಇಳಿದು, ಉರಿಬಿಸಿಲಿನಲ್ಲಿ ಗಾಡಿಯನ್ನು ತಳ್ಳಿದೆವು. ಆ ದಿನ ಶಾಸನ ಕಾಣಲಿಲ್ಲ.

ಕ್ಲಚ್ಚೆಂದರೇನು? ನಿಮ್ಮ ಎರಡು ಅಂಗೈಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ಒಂದನ್ನು ತಿರುಗಿಸಿ ನೋಡಿ. ಇನ್ನೊಂದು ಅದರೊಡನೆ ತಾನೂ ತಿರುಗುತ್ತದೆ. ಒತ್ತುವುದನ್ನು ಸಡಿಲಿಸಿ, ಒಂದು ತಿರುಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಕ್ಲಚ್ಚಿನ ತತ್ತ್ವ ಇಷ್ಟೇ. ಎಂಜಿನ್ನು ನಿಂತರೆ ಸತ್ತಂತೆ. ಅದು ತಿರುಗುತ್ತಲೇ ಇರಬೇಕು. ಗಾಲಿಯಾದರೋ ನಮ್ಮ ಇಷ್ಟದಂತೆ ನಿಲ್ಲಬೇಕು, ನಡೆಯಬೇಕು. ಈ ಎರಡರ ನಡುವೆ ನಿಂತು, ಬೇಕಾದಾಗ ಕೈ ಹಿಡಿಸಿ, ಬೇಡವಾದಾಗ ಬಿಡಿಸುವ ಮಧ್ಯಸ್ಥನೇ ಕ್ಲಚ್ಚು. ಅದರೊಳಗೆ ಬಿಲ್ಲೆಗಳನ್ನು ಜೋಡಿಸಿದಂತೆ ಪ್ಲೇಟುಗಳಿರುತ್ತವೆ: ಒಂದು ಘರ್ಷಣೆಯ ಪ್ಲೇಟು, ಒಂದು ಉಕ್ಕಿನ ಪ್ಲೇಟು, ಮತ್ತೊಂದು ಘರ್ಷಣೆಯದು, ಹೀಗೆ. ಘರ್ಷಣೆಯ ಪ್ಲೇಟುಗಳು ಎಂಜಿನ್ನಿನ ಕಡೆಯ ಬುಟ್ಟಿಗೆ ಸಿಕ್ಕಿಕೊಂಡು ತಿರುಗುತ್ತವೆ. ಉಕ್ಕಿನವು ಗೇರಿನ ಕಡೆಗೆ ಸೇರಿದವು. ಬಲವಾದ ಸ್ಪ್ರಿಂಗುಗಳು ಎಲ್ಲವನ್ನೂ ಒತ್ತಿ ಹಿಡಿದಿರುತ್ತವೆ. ನಾವು ಎಡಗೈಯ ಹಿಡಿಯನ್ನು ಎಳೆದಾಗ ಒಂದು ಸಣ್ಣ ಸಲಾಕೆ ಒಳಗಿನಿಂದ ತಳ್ಳಿ ಆ ಒತ್ತಡವನ್ನು ಬಿಡಿಸುತ್ತದೆ.

ಘರ್ಷಣೆಯ ಪ್ಲೇಟು ಸವೆದರೆ ಅಥವಾ ಸ್ಪ್ರಿಂಗು ಸೋತರೆ ಹಿಡಿತ ತಪ್ಪುತ್ತದೆ. ಎಂಜಿನ್ನಿನ ಶಕ್ತಿ ಗಾಲಿಗೆ ತಲುಪದೆ ನಡುವೆಯೇ ಬಿಸಿಯಾಗಿ ಕರಗಿಹೋಗುತ್ತದೆ. ನಮಗೆ ಬಂದ ಸುಟ್ಟ ವಾಸನೆ ಅದೇ.

ನನ್ನ ಗಾಡಿಯ ಕುಲಗೋತ್ರವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ, ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು 1961ರಲ್ಲಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸತೊಡಗಿತು. 1973ರಿಂದ ಅವುಗಳಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ, 2022ರಲ್ಲಿ ಯೆಜ್ಡಿ ಎಂಬ ಹೆಸರೂ ಮತ್ತೆ ರಸ್ತೆಗೆ ಬಂದವು. ಆದರೆ ಆ ಹೊಸ ಗಾಡಿಗಳ ಎಂಜಿನ್ನೇ ಬೇರೆ, ಅವುಗಳ ಬಿಡಿಭಾಗ ನಮ್ಮದಕ್ಕೆ ಹೊಂದದು. ಹಳೆಯ ಜಾವಾ, ಯೆಜ್ಡಿಗಳಲ್ಲಿ ಕಿಕ್ಕೂ ಗೇರೂ ಒಂದೇ ಕಡ್ಡಿ. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕು, ಮುಂದಕ್ಕೆ ಇಳಿಸಿದರೆ ಗೇರು. ಕ್ಲಚ್ಚಿನ ಘರ್ಷಣೆಯ ಪ್ಲೇಟುಗಳಲ್ಲಿ ಸಾಲಾಗಿ ತೂತುಗಳಿದ್ದು, ಅವುಗಳಲ್ಲಿ ಬೆಂಡಿನ ತುಂಡುಗಳನ್ನು ಕೂರಿಸಿರುತ್ತಾರೆ. ಹೌದು, ಔಷಧದ ಸೀಸೆಗೆ ಬಿರಡೆಯಾಗುತ್ತಿದ್ದ ಅದೇ ಕಾರ್ಕು. ಪೋರ್ಚುಗಲ್, ಸ್ಪೇನ್ ಮೊದಲಾದ ದೇಶಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ ಅದು. ಮರವನ್ನು ಕಡಿಯದೆ, ಸುಮಾರು ಒಂಬತ್ತು ವರ್ಷಕ್ಕೊಮ್ಮೆ ತೊಗಟೆಯನ್ನಷ್ಟೇ ಸುಲಿಯುತ್ತಾರೆ. ಎಣ್ಣೆಯಲ್ಲಿ ಮುಳುಗಿದ್ದರೂ ಹಿಡಿತ ಬಿಡದ ಗುಣ ಅದಕ್ಕಿದೆ. ಯಾವುದೋ ದೇಶದ ಮರದ ತೊಗಟೆ ಚಿನ್ನಹಗರಿಯ ಸೀಮೆಯಲ್ಲಿ ಒಬ್ಬ ಮೇಷ್ಟರನ್ನು ನಲವತ್ತು ವರ್ಷ ಹೊತ್ತು ತಿರುಗಿತೆಂದರೆ ಅಚ್ಚರಿಯಲ್ಲವೇ?

ಗಾಡಿಯನ್ನು ಮೊದಲು ದೂರದ ಊರಿನ ದೊಡ್ಡ ಗ್ಯಾರೇಜೊಂದಕ್ಕೆ ಸಾಗಿಸಿದೆ. ಅಲ್ಲಿಯವರು ಅದನ್ನು ಬಿಚ್ಚಲಿಲ್ಲ, ಮುಟ್ಟಿ ಸಹ ನೋಡಲಿಲ್ಲ. ಕ್ಲಚ್ಚನ್ನು ಬುಟ್ಟಿಸಮೇತ ಬದಲಾಯಿಸಬೇಕು, ಎಂಟು ಸಾವಿರವಾಗುತ್ತದೆ, ಸಾಮಾನು ಬರಲು ಒಂದು ತಿಂಗಳು ಎಂದರು. ಬಂದ ದಾರಿಯಲ್ಲೇ ಗಾಡಿಯನ್ನು ಹಿಂದಕ್ಕೆ ತಂದೆ. ಹೋಗಿ ಬರುವ ಬಾಡಿಗೆ ಸಾವಿರದ ಇನ್ನೂರು ರೂಪಾಯಿ. ಆಮೇಲೆ ನಮ್ಮೂರಿನ ಮೇಸ್ತ್ರಿಯ ನೆನಪಾಯಿತು. ಆತ ನನ್ನ ಹಳೆಯ ವಿದ್ಯಾರ್ಥಿ. ನೇಕಾರರ ಮನೆಯ ಹುಡುಗ. ಏಳನೆಯ ತರಗತಿಗೆ ಶಾಲೆ ಬಿಟ್ಟು ಕೆಲವು ವರ್ಷ ತಂದೆಯ ಗುಂಡಿಮಗ್ಗದಲ್ಲಿ ಲಾಳಿ ಎಸೆದು, ಬಳಿಕ ಬಳ್ಳಾರಿಗೆ ಹೋಗಿ ಸ್ಪ್ಯಾನರು ಹಿಡಿದವನು. ಈಗ ಐವತ್ತು ದಾಟಿದೆ.

ಆತನ ಪರೀಕ್ಷೆಯ ಕ್ರಮವನ್ನು ನೋಡಿ ನಾನು ಬೆರಗಾದೆ. ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದನ್ನು ಕೊನೆಗೆ. ಇದೇ ಆತನ ಸೂತ್ರ. ಮೊದಲು ಹಿಡಿಯ ಬುಡದಲ್ಲಿ ಒಂದು ನಾಣ್ಯದ ದಪ್ಪದಷ್ಟು ಸಡಿಲವಿದೆಯೇ ಎಂದು ನೋಡಿದ. ಇರಲಿಲ್ಲ. ಪ್ಲೇಟುಗಳು ಸವೆದಂತೆ ಅವುಗಳ ಕಟ್ಟು ತೆಳುವಾಗುತ್ತದೆ, ಸಲಾಕೆ ಹೊರಕ್ಕೆ ಸರಿಯುತ್ತದೆ, ಈ ಸಡಿಲ ತಾನಾಗಿಯೇ ಮಾಯವಾಗುತ್ತದೆ. ಆಗ ನಾವು ಹಿಡಿ ಎಳೆಯದಿದ್ದರೂ ಕ್ಲಚ್ಚು ಅರೆಬರೆ ಬಿಟ್ಟುಕೊಂಡೇ ಇರುತ್ತದೆ, ಜಾರುತ್ತದೆ, ಮತ್ತಷ್ಟು ಸವೆಯುತ್ತದೆ. ಕಾಸು ಖರ್ಚಿಲ್ಲದೆ ಒಂದು ತಿರುಪನ್ನು ತಿರುಗಿಸಿ ಸರಿಪಡಿಸಬಹುದಾಗಿದ್ದುದನ್ನು ನಾನು ತಿಂಗಳುಗಟ್ಟಲೆ ಗಮನಿಸಿರಲಿಲ್ಲ.

“ಮೇಷ್ಟ್ರೇ, ಹಿಡಿ ಮೇಲೆ ಯಾವಾಗ್ಲೂ ಎರಡು ಬೆರಳು ಇಟ್ಕಂಡೇ ಓಡಿಸ್ತೀರೇನು?” ಎಂದು ಕೇಳಿದ.

“ಅಭ್ಯಾಸವಾಗಿಬಿಟ್ಟಿದೆಯಪ್ಪ” ಎಂದೆ.

“ಹಂಗಾದ್ರೆ ಗಾಡಿದೇನೂ ತಪ್ಪಿಲ್ಲ ಬಿಡ್ರಿ. ಬೆಂಡು ತಿಂದಿರೋದು ಆ ಎರಡು ಬೆರಳೇ” ಎಂದ.

ಎರಡನೆಯದಾಗಿ ಎಣ್ಣೆ. ಈ ಗಾಡಿಯಲ್ಲಿ ಗೇರಿಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಹೊಸ ಕಾರುಗಳಿಗೆಂದು ಮಾಡಿದ, ಜಾರುಗುಣ ಹೆಚ್ಚಿಸುವ ದ್ರವ್ಯ ಬೆರೆತ ಎಣ್ಣೆಯನ್ನು ಇದಕ್ಕೆ ಹಾಕಿದರೆ ಒಳ್ಳೆಯ ಪ್ಲೇಟೂ ಜಾರುತ್ತದೆ. ಮೂರನೆಯದಾಗಿ, ಬೇರೆ ದಾರಿಯಿಲ್ಲವೆಂದಾದ ಮೇಲೆಯೇ ಎಣ್ಣೆ ಬಸಿದು ಎಡಮಗ್ಗುಲಿನ ಮುಚ್ಚಳ ತೆಗೆದ. ಪ್ಲೇಟುಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಸಾಲಾಗಿಟ್ಟ. ಬೆಂಡಿನ ತುಂಡುಗಳು ಲೋಹದ ಮಟ್ಟಕ್ಕೆ ಸವೆದು ಕರ್ರಗೆ ಸುಟ್ಟು ಹೊಳೆಯುತ್ತಿದ್ದವು. ಉಕ್ಕಿನ ಪ್ಲೇಟುಗಳ ಮೇಲೆ ಕಾವಿನಿಂದ ಎದ್ದ ನೀಲಿ ಮಚ್ಚೆಗಳು. ಒಂದೊಂದನ್ನೂ ಗಾಜಿನ ಹಾಳೆಯ ಮೇಲಿಟ್ಟು, ಮೂಲೆ ಏಳುವುದೇ ಎಂದು ಒತ್ತಿ ನೋಡಿದ. ಸೊಟ್ಟಗಾಗಿರಲಿಲ್ಲ, ಮರಳುಕಾಗದದಿಂದ ಉಜ್ಜಿ ಹೊಳಪು ತೆಗೆದ. ಸ್ಪ್ರಿಂಗುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಎತ್ತರ ಹೋಲಿಸಿದ, ಯಾವುದೂ ಕುಗ್ಗಿರಲಿಲ್ಲ. ಬುಟ್ಟಿಯ ಬೆರಳುಗಳಲ್ಲಿ ಪ್ಲೇಟುಗಳು ಬಡಿದು ಬಡಿದು ಕಚ್ಚು ಬಿದ್ದಿತ್ತು. ಆ ಕಚ್ಚಿನಲ್ಲಿ ಪ್ಲೇಟು ಸಿಕ್ಕಿಕೊಂಡರೆ ಕ್ಲಚ್ಚು ಪೂರ್ತಿ ಬಿಡುವುದಿಲ್ಲ, ಗೇರು ಹಾಕುವಾಗ ಕರಕರ ಎನ್ನುತ್ತದೆ. ಅದನ್ನು ಒಂದು ಗಂಟೆ ಕಾಲ ಅರದಿಂದ ಉಜ್ಜಿ ನುಣುಪು ಮಾಡಿದ. ಬುಟ್ಟಿಯನ್ನೇ ಎಸೆಯಬೇಕೆಂದು ದೊಡ್ಡ ಗ್ಯಾರೇಜಿನವರು ಹೇಳಿದ್ದು ಬಿಚ್ಚಿ ನೋಡಿದ ಮಾತಾಗಿರಲಿಲ್ಲ.

ಮೊದಲೆಲ್ಲ ಪ್ಲೇಟನ್ನೂ ಬದಲಾಯಿಸುತ್ತಿರಲಿಲ್ಲವಂತೆ. ಬೆಂಡಿನ ತುಂಡುಗಳನ್ನು ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ, ತೂತುಗಳಿಗೆ ಒತ್ತಿ ಕೂರಿಸಿ, ಆರಿದ ಮೇಲೆ ಮಟ್ಟವಾಗಿ ಉಜ್ಜುತ್ತಿದ್ದರು. ಒಂದಿಡೀ ದಿನದ ಕೆಲಸ. ಈಗ ಬೆಂಡು ಕೂರಿಸಿದ ಪ್ಲೇಟುಗಳೇ ಸಿಗುತ್ತವೆ. ಅವನ್ನು ತರಿಸಿ, ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಜೋಡಿಸಿದ. ಒಣಬೆಂಡನ್ನು ಹಾಗೆಯೇ ಹಾಕಿದರೆ ಮೊದಲ ದಿನವೇ ಸುಟ್ಟೀತು.

ಇನ್ನು ಲೆಕ್ಕ. ಬೆಂಡಿನ ಪ್ಲೇಟುಗಳಿಗೆ 900 ರೂಪಾಯಿ, ಎಣ್ಣೆಗೆ 380, ಕ್ಲಚ್ಚಿನ ತಂತಿಗೆ 150, ಮುಚ್ಚಳದ ಪ್ಯಾಕಿಂಗಿಗೆ 70. ಒಟ್ಟು 1,500. ಇದರಲ್ಲಿ ಯಾವುದಕ್ಕೂ ನಾನು ತುಟಿ ಬಿಚ್ಚಲಿಲ್ಲ. ಪೊಟ್ಟಣದ ಮೇಲೆ ಬೆಲೆ ಅಚ್ಚಾಗಿತ್ತಲ್ಲ. ಎರಡು ದಿನಗಳಲ್ಲಿ ಸುಮಾರು ಏಳು ಗಂಟೆ ಕುಳಿತು ಮಾಡಿದ ಕೆಲಸಕ್ಕೆ ಆತ ಕೇಳಿದ್ದು 700 ರೂಪಾಯಿ. ಆಗ ನನ್ನ ಬಾಯಿಂದ ತಾನಾಗಿಯೇ ಬಂತು: “ನಾನೂರು ಮಾಡಿಕೊಳ್ಳಪ್ಪ.”

ಆತ ಸಿಟ್ಟಾಗಲಿಲ್ಲ. ಕೈ ಒರೆಸಿಕೊಳ್ಳುತ್ತ ನಕ್ಕ. “ನಮ್ಮಪ್ಪ ಸೀರೆ ನೇಯುವಾಗ್ಲೂ ಹಿಂಗೇ ಇತ್ತು ಮೇಷ್ಟ್ರೇ. ರೇಷ್ಮೆಗೆ ರೇಟೈತೆ, ಜರಿಗೆ ರೇಟೈತೆ. ಕೈಗೆ ಮಾತ್ರ ಚೌಕಾಸಿ. ಅದಕ್ಕೇ ಮಗ್ಗ ಬಿಟ್ಟೆ. ಇಲ್ಲೂ ಅದೇ ಐತೆ. ನಮ್ಮ ಹುಡುಗನ್ನ ಇದಕ್ಕೆ ಹಚ್ಚಿಲ್ಲ. ಅವನು ಬೆಂಗಳೂರಾಗೆ ಮೊಬೈಲ್ ಅಂಗಡೀಲಿ ಅದಾನೆ” ಎಂದ.

ನನಗೆ ಮಾತು ಹೊರಡಲಿಲ್ಲ. ಮೊಳಕಾಲ್ಮೂರು ಸೀರೆಯ ಅಂಚಿನ ಚೆಲುವನ್ನು ತರಗತಿಯಲ್ಲಿ ಎಷ್ಟು ಸಲ ಬಣ್ಣಿಸಿದ್ದೆನೋ! ಆ ಬಣ್ಣನೆಯನ್ನು ಕೇಳುತ್ತ ಕುಳಿತಿದ್ದ ಹುಡುಗನ ಮನೆಯಲ್ಲಿ ಕೂಲಿಯ ಚೌಕಾಸಿ ನಡೆಯುತ್ತಿತ್ತೆಂಬುದು ನನಗೆ ಹೊಳೆದಿರಲಿಲ್ಲ. ನೋಡದೆಯೇ ಎಂಟು ಸಾವಿರ ಕೇಳಿದವರೊಡನೆ ನಾನು ವಾದಿಸಲಿಲ್ಲ. ಅತ್ತ ಹೋಗಿ ಬರಿಗೈಯಲ್ಲಿ ಬಂದ ಬಾಡಿಗೆಯನ್ನು ಗೊಣಗದೆ ಕೊಟ್ಟೆ. ಆ ಹಣವನ್ನೆಲ್ಲ ಉಳಿಸಬಲ್ಲವನಾಗಿದ್ದ ಕೈಯೊಡನೆ ಮುನ್ನೂರು ರೂಪಾಯಿಗೆ ನಿಂತೆ.

ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ನೆನೆಯುವುದು ಅವರು ಕಟ್ಟಿಸಿದ ಕೆರೆಗಳಿಗಾಗಿ ಮತ್ತು ಒಂದು ಮಾತಿಗಾಗಿ: ಮಾಡಿದಷ್ಟು ನೀಡು ಭಿಕ್ಷೆ. ಮಾಡಿದ ಕೆಲಸಕ್ಕೆ ತಕ್ಕ ಪ್ರತಿಫಲ ಸಲ್ಲಬೇಕೆಂಬ ಈ ಮಾತನ್ನು ನಮ್ಮ ಸೀಮೆಯ ಮಕ್ಕಳೂ ಬಲ್ಲರು. ಪ್ರತಿವರ್ಷ ತೇರಿಗೆ ಹೋಗಿ ಕೈಮುಗಿಯುವ ನಾನು ಅದನ್ನು ಬಲ್ಲವನಂತೆ ನಡೆದಿರಲಿಲ್ಲ. ಏಳುನೂರನ್ನೂ ಎಣಿಸಿಕೊಟ್ಟೆ. ಆತ ಸವೆದ ಪ್ಲೇಟುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗಿತ್ತ. ಬದಲಾಯಿಸಿದ್ದನ್ನು ಒಡೆಯನಿಗೆ ತೋರಿಸಿ ಒಪ್ಪಿಸುವುದು ಆತನ ಪದ್ಧತಿ.

ಆದ್ದರಿಂದ ಕ್ಲಚ್ಚು ಸವೆದರೆ ಎಷ್ಟು ಖರ್ಚಾದೀತೆಂದು ನನ್ನನ್ನು ಕೇಳಿದರೆ, ಎರಡು ಸಾವಿರದ ಇನ್ನೂರು ಎಂದು ಹೇಳುತ್ತೇನೆ. ಅದರಲ್ಲಿ ಸಾಮಾನಿನ ಬೆಲೆಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಉಳಿದ ಏಳುನೂರನ್ನು ತೆಗೆದುಕೊಳ್ಳಲು ಅರ್ಹವಾದ ಕೈಗಳು ನಮ್ಮ ಊರುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಕಾರ್ಖಾನೆ ಮುಚ್ಚಿದ ಮೇಲೂ ಈ ಗಾಡಿಗಳು ಓಡುತ್ತಿರುವುದು ಆ ಕೈಗಳ ಬಲದಿಂದ. ಅವೂ ಕೆಲಸ ಬಿಟ್ಟ ದಿನ, ಮೊದಲ ಸಲ ಕ್ಲಚ್ಚು ಜಾರಿದಾಗಲೇ ಗಾಡಿ ಗುಜರಿಗೆ ಹೋಗುತ್ತದೆ.

ಮುಂದಿನ ವಾರ ಸ್ನೇಹಿತರನ್ನು ಮತ್ತೆ ಕರೆಸಿಕೊಂಡೆ. ಅದೇ ಏರನ್ನು ಗಾಡಿ ಸಲೀಸಾಗಿ ಹತ್ತಿತು. ಬ್ರಹ್ಮಗಿರಿಯ ಬಂಡೆಯ ಮುಂದೆ ನಿಂತು, ಶಾಸನದ ಕೊನೆಯ ಸಾಲನ್ನು ಅವರಿಗೆ ತೋರಿಸಿದೆ. ಚಕ್ರವರ್ತಿಯ ಮಾತುಗಳೆಲ್ಲ ಮುಗಿದ ಮೇಲೆ, ಅದನ್ನು ಬರೆದ ಲಿಪಿಕಾರ ಚಪಡನು ತನ್ನ ಹೆಸರನ್ನೂ ಅಲ್ಲಿ ಕೊರೆದಿದ್ದಾನೆ. ಲಿಪಿಕಾರನೆಂಬ ಮಾತನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಕೆಲಸ ಮಾಡಿದ ಕೈಯ ಹೆಸರು ಉಳಿಯಲು ನಮ್ಮ ಬಂಡೆಯಲ್ಲಿ ಜಾಗವಿತ್ತು. ಹಿಂತಿರುಗುವಾಗ ನನ್ನ ಎರಡು ಬೆರಳುಗಳು ಅಭ್ಯಾಸಬಲದಿಂದ ಕ್ಲಚ್ಚಿನ ಹಿಡಿಯ ಮೇಲೆ ಹೋಗಿದ್ದವು. ಮೇಸ್ತ್ರಿಯ ಮಾತು ನೆನಪಾಗಿ, ಅವನ್ನು ಹಿಂದಕ್ಕೆ ತೆಗೆದೆ.